ಬಾಡಿಗೆ ಇಲ್ಲದ ಊರಿನ ಖರ್ಚು

ಚೌತಿಗೋ ದೀಪಾವಳಿಗೋ ಬೆಂಗಳೂರಿನಿಂದ ಮಕ್ಕಳು ಬಂದಾಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳ ಜಗಲಿಯಲ್ಲಿ ಒಂದು ಮಾತು ಬಂದೇ ಬರುತ್ತದೆ. 'ಮನೆ ಇದ್ದು, ತೋಟ ಇದ್ದು, ಇನ್ನೆಂತ ಬೇಕು ಮಾಣಿ?' ಎಂದು ಅಪ್ಪಯ್ಯ ಕೇಳುತ್ತಾರೆ. ಮಗ ಮೊಬೈಲಿನಲ್ಲಿ ಲೆಕ್ಕಕ್ಕೆ ಕೂರುತ್ತಾನೆ. ಬಾಡಿಗೆ, ಶಾಲೆಯ ಫೀಸು, ಕಾರಿನ ಕಂತು, ವಾರಾಂತ್ಯದ ಹೋಟೆಲು ಎಲ್ಲ ಕೂಡಿಸುತ್ತಾನೆ. ಊರಿನಲ್ಲಿ ಇವು ಯಾವುವೂ ಇಲ್ಲವಲ್ಲ ಎಂದು ಕಳೆಯುತ್ತಾನೆ. ಸಂಬಳ ಅರ್ಧಕ್ಕಿಳಿದರೂ ನೆಮ್ಮದಿಯಿಂದ ಇರಬಹುದು ಎಂಬಲ್ಲಿಗೆ ಲೆಕ್ಕ ಬಂದು ನಿಲ್ಲುತ್ತದೆ. ಆದರೆ ಒಳಗಿನಿಂದ ಸೊಸೆ ಕೇಳುವ ಪ್ರಶ್ನೆಗೆ ಅದರಲ್ಲಿ ಉತ್ತರ ಇರುವುದಿಲ್ಲ: ಮಗುವಿಗೆ ರಾತ್ರಿ ಹನ್ನೆರಡಕ್ಕೆ ಫಿಟ್ಸ್ ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುವುದು?

2020ರ ಲಾಕ್‌ಡೌನ್ ಈ ಮಾತಿಗೆ ಹೊಸ ಜೀವ ಕೊಟ್ಟಿತು. ಆ ಮಳೆಗಾಲದಲ್ಲಿ ಈ ಮೂರೂ ತಾಲ್ಲೂಕುಗಳ ಗುಡ್ಡಗಳ ನೆತ್ತಿಯಲ್ಲಿ ಅಡಿಕೆ ದಬ್ಬೆ, ತಾಡಪತ್ರಿ ಕಟ್ಟಿದ ಪುಟ್ಟ ಮಾಡುಗಳು ಎದ್ದವು. ನೆಟ್‌ವರ್ಕ್ ಸಿಗುವ ಜಾಗ ಅದೊಂದೇ. ಒಂದು ಮಾಡಿನಲ್ಲಿ ಕಾಲೇಜು ಹುಡುಗ ಪಾಠ ಕೇಳುತ್ತಿದ್ದರೆ ಪಕ್ಕದಲ್ಲಿ ಕಂಪನಿಯ ಕೆಲಸ ನಡೆಯುತ್ತಿತ್ತು. ಕೆಲವು ಊರುಗಳ ಜನ ತಾವೇ ಹಣ ಹಾಕಿ ಫೈಬರ್ ಕೇಬಲ್ ಎಳೆಸಿಕೊಂಡರು. ವೃದ್ಧರಷ್ಟೇ ಉಳಿದಿದ್ದ ಕೇರಿಗಳಲ್ಲಿ ಮಕ್ಕಳ ಗಲಾಟೆ ಕೇಳಿತು. ಎರಡು ವರ್ಷ ಕಳೆದು ಕಚೇರಿಗಳು ಕರೆದಾಗ ಹೆಚ್ಚಿನವರು ಗಂಟುಮೂಟೆ ಕಟ್ಟಿಕೊಂಡು ಹೊರಟರು, ಕೆಲವರು ಉಳಿದರು. ಹೋದವರಿಗೆ ಊರಿನ ಮೇಲೆ ಪ್ರೀತಿ ಕಡಿಮೆ ಇತ್ತು ಎಂದೋ, ಉಳಿದವರು ತ್ಯಾಗ ಮಾಡಿದರು ಎಂದೋ ಹೇಳುವುದು ಸರಿಯಲ್ಲ. ಇಬ್ಬರ ಲೆಕ್ಕವೂ ಬೇರೆ ಬೇರೆ ಇತ್ತು. ಆ ಲೆಕ್ಕವನ್ನು ಬಾಡಿಗೆ ಮತ್ತು ತರಕಾರಿಯಾಚೆಗೆ ಬಿಡಿಸಿ ನೋಡಬೇಕಾಗಿದೆ.

ಮೊದಲು ತಿಂಗಳ ಖರ್ಚು. ಕೇಂದ್ರ ಸರ್ಕಾರದ 2022–23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ತಿಂಗಳ ವೆಚ್ಚ 3,773 ರೂಪಾಯಿ, ನಗರಗಳಲ್ಲಿ 6,459 ರೂಪಾಯಿ. ಈ ಅಂತರ ನೋಡಿ ಹಳ್ಳಿ ಅಗ್ಗ ಎಂದು ಬಿಡುವ ಮೊದಲು ಎರಡು ಸಂಗತಿ ಗಮನಿಸಬೇಕು. ಸ್ವಂತ ಮನೆಯಲ್ಲಿ ಇರುವವರ ಮನೆಗೆ ಬಾಡಿಗೆಯ ಅಂದಾಜು ಕಟ್ಟಿ ಈ ಸಮೀಕ್ಷೆ ವೆಚ್ಚಕ್ಕೆ ಸೇರಿಸುವುದಿಲ್ಲ. ಎರಡನೆಯದಾಗಿ, ಹಳ್ಳಿಯವನ ಖರ್ಚು ಕಡಿಮೆ ಕಾಣುವುದಕ್ಕೆ ಅವನು ಕಡಿಮೆ ಕೊಳ್ಳುತ್ತಾನೆ ಎಂಬುದೂ ಕಾರಣ. ಕೊಳ್ಳುವ ವಸ್ತುವಿನ ದರ ಕಡಿಮೆ ಎಂದೇನೂ ಅಲ್ಲ.

ದರದ ಮಟ್ಟಿಗೆ ನಮ್ಮ ಕಡೆ ಅಂಥ ಅಗ್ಗ ಏನಿಲ್ಲ. ನಂದಿನಿ ಹಾಲಿನ ಪ್ಯಾಕೆಟ್ಟಿಗೆ ಯಲ್ಲಾಪುರದಲ್ಲೂ ಬೆಂಗಳೂರಿನಲ್ಲೂ ಒಂದೇ ಬೆಲೆ. ಕೊಟ್ಟಿಗೆ ಖಾಲಿಯಾದ ಮನೆಗಳು ಹೆಚ್ಚಿದಷ್ಟೂ ಪ್ಯಾಕೆಟ್ಟಿಗೆ ಕಾಯುವ ಮನೆಗಳು ಹೆಚ್ಚಿವೆ. ಗದ್ದೆಗಳು ತೋಟವಾದ ಮೇಲೆ ಅಕ್ಕಿ ಅಂಗಡಿಯಿಂದಲೇ ಬರುತ್ತದೆ. ಮಳೆಗಾಲದಲ್ಲಿ ಹಿತ್ತಿಲಿನ ಸೌತೆ, ಬೆಂಡೆ, ಕೆಸುವಿನ ಸೊಪ್ಪು ಕೆಲವು ವಾರ ಒದಗುತ್ತವೆ. ಉಳಿದ ದಿನ ಟೊಮೆಟೊ, ಈರುಳ್ಳಿ ಬಯಲುಸೀಮೆಯಿಂದ ಲಾರಿ ಹತ್ತಿ ಬರಬೇಕು, ಆ ಲಾರಿಯ ಬಾಡಿಗೆಯನ್ನೂ ನಾವೇ ಕೊಡಬೇಕು. ಸಿಮೆಂಟು, ಕಬ್ಬಿಣ, ಗ್ಯಾಸು, ಔಷಧಿ, ಮೊಬೈಲ್ ಯಾವುದಕ್ಕೂ ಮಲೆನಾಡಿನ ರಿಯಾಯಿತಿ ಇಲ್ಲ. ಜಂಬಿಟ್ಟಿಗೆ ಮತ್ತು ಮರದ ಕೆಲಸದವರು ಸಿಕ್ಕರೆ ಪುಣ್ಯ ಎನ್ನುವ ಸ್ಥಿತಿಯಲ್ಲಿ ಮನೆ ಕಟ್ಟುವ ಖರ್ಚೂ ಪಟ್ಟಣಕ್ಕೆ ಹತ್ತಿರವೇ ಬಂದಿದೆ.

ಅಗ್ಗವಾಗಿರುವುದು ಅಜ್ಜ ಕಟ್ಟಿಸಿ ಹೋದ ಮನೆ, ಅಬ್ಬಿಯ ನೀರು, ಸೌದೆ, ತೆಂಗಿನಕಾಯಿ. ಇವು ಇರುವವನಿಗೆ ಊರು ಅಗ್ಗ. ಶಿರಸಿ ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದು ಇರುವ ಗುಮಾಸ್ತನಿಗೋ ಶಿಕ್ಷಕಿಗೋ ಅಷ್ಟು ಅಗ್ಗವಲ್ಲ. 2011ರ ಜನಗಣತಿಯಲ್ಲಿ 62,882 ಜನರಿದ್ದ ಶಿರಸಿ ನಗರದಲ್ಲಿ ಮುಖ್ಯ ರಸ್ತೆಗಳ ಆಸುಪಾಸಿನ ನಿವೇಶನದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಸುತ್ತ ಕಾಡು, ಬೆಟ್ಟ, ತೋಟ. ಕಟ್ಟಲು ಜಾಗ ಸ್ವಲ್ಪವೇ. ಅದರ ಮೇಲೆ ಅಡಿಕೆಯ ಹಣ, ಬೆಂಗಳೂರಿನ ಹಣ, ಹೊರದೇಶದ ಹಣ ಮೂರೂ ಬಂದು ಬಿದ್ದಿವೆ.

ಇನ್ನು ಆದಾಯ. ಈ ಸೀಮೆಯ ಸಂಬಳದ ಚೀಟಿ ಎಂದರೆ ಅಡಿಕೆ. 1923ರಲ್ಲಿ ಹುಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಎಲ್ಲರ ಬಾಯಲ್ಲಿ ಟಿಎಸ್‌ಎಸ್, ನೂರು ವರ್ಷ ದಾಟಿದೆ. ಮೂರೂ ತಾಲ್ಲೂಕುಗಳಲ್ಲಿ ಮಾರ್ಕೆಟಿಂಗ್ ಸೊಸೈಟಿಗಳಿವೆ, ಊರೂರಲ್ಲಿ ಸೇವಾ ಸಹಕಾರಿ ಸಂಘಗಳಿವೆ. ಮಹಸೂಲು ಸೊಸೈಟಿಗೆ ಹೋಗುತ್ತದೆ, ಸಾಲ ಸೊಸೈಟಿಯಿಂದ ಬರುತ್ತದೆ, ಅಕ್ಕಿ-ಬೇಳೆಯೂ ಅದೇ ಖಾತೆಗೆ ಬರೆಸಿ ಬರುತ್ತದೆ. ದಲ್ಲಾಳಿಯ ಕೈಗೆ ಸಿಕ್ಕ ಬೆಳೆಗಾರರ ಕಥೆ ಬೇರೆ ಊರುಗಳಲ್ಲಿ ಕೇಳಿದಾಗಲೆಲ್ಲ ಈ ಸಂಸ್ಥೆಗಳನ್ನು ಕಟ್ಟಿದ ಹಿರಿಯರ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ.

ಒಂದು ಎಕರೆ ತೋಟವನ್ನು ಹತ್ತಿರದಿಂದ ನೋಡೋಣ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಸುಮಾರು 550 ಮರ. ಸತ್ತದ್ದು, ಎಳೆಯದು ಕಳೆದು, ಚೆನ್ನಾಗಿ ನೋಡಿಕೊಂಡ ತೋಟದಲ್ಲಿ ಎಂಟು ಕ್ವಿಂಟಲ್ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಬಂತು ಎಂದಿಟ್ಟುಕೊಳ್ಳಿ. ಕ್ವಿಂಟಲಿಗೆ 35 ಸಾವಿರ ಎಂದು ಹಿಡಿದರೆ 2 ಲಕ್ಷ 80 ಸಾವಿರ. ಈಗ ಖರ್ಚಿಗೆ ಬನ್ನಿ. ಮಳೆ ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಕೊನೆಗಳಿಗೆ ಬೀಳಬೇಕು. ಮಳೆ ನಡುವೆ ಇನ್ನೊಂದು ಸಲ, ಮಳೆ ಜೋರಾದ ವರ್ಷ ಮತ್ತೂ ಒಂದು ಸಲ. ಬೆಟ್ಟದಿಂದ ಸೊಪ್ಪು ತರಬೇಕು, ಗೊಬ್ಬರ ಹಾಕಬೇಕು, ಹೊಸ ಮಣ್ಣು ಹೊದಿಸಬೇಕು, ನೀರು ಹರಿಯುವ ಕಾದಿಗೆ ತೆಗೆಯಬೇಕು. ಕೊಯ್ಲಿಗೆ ಕೊನೆಗೌಡ ಬೇಕು. ಅವನ ದಿನದ ಸಂಬಳ ಸಾಮಾನ್ಯ ಆಳಿನ ಎರಡು-ಮೂರು ಪಟ್ಟು, ಅದು ನ್ಯಾಯವೇ. ಐವತ್ತು-ಅರವತ್ತು ಅಡಿ ಎತ್ತರದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಹಾಯುವ ಕೆಲಸಕ್ಕೆ ಅವನ ಮಗ ಬರುವುದಿಲ್ಲ. ಉದ್ದನೆಯ ದೋಟಿಗಳು ಬಂದು ಆ ಕೊರತೆಯನ್ನು ಸ್ವಲ್ಪ ತುಂಬಿವೆ. ಆಮೇಲೆ ಅಂಗಳದಲ್ಲಿ ನಲವತ್ತು ದಿನದ ಬಿಸಿಲು, ಸುಲಿಯುವ ಕೂಲಿ, ಆರಿಸುವುದು. ಅರ್ಧ ಖರ್ಚಿಗೇ ಹೋಯಿತು ಎಂದರೆ ಕೈಯಲ್ಲಿ ಉಳಿಯುವುದು 1 ಲಕ್ಷ 40 ಸಾವಿರ. ತಿಂಗಳಿಗೆ ಹನ್ನೆರಡು ಸಾವಿರಕ್ಕೂ ಕಡಿಮೆ.

ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳು ಹೊಸದಾಗಿ ಸೇರುವ ಎಂಜಿನಿಯರಿಗೆ ಕೊಡುವ ವಾರ್ಷಿಕ ಸಂಬಳ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ವರ್ಷಗಟ್ಟಲೆ ನಿಂತಿದೆ ಎಂಬ ದೂರು ಎಲ್ಲರೂ ಬಲ್ಲದ್ದೇ. ಬಾಡಿಗೆ ಮತ್ತು ಊಟದ ಖರ್ಚು ಕಳೆದರೆ ಆ ಹುಡುಗನಿಗೆ ಉಳಿಯುವುದೂ ಅಷ್ಟರಲ್ಲೇ ಇದೆ. ಮೊದಲ ವರ್ಷ ಒಂದು ಎಕರೆ ತೋಟ ಮತ್ತು ಒಂದು ಹೊಸ ನೌಕರಿ ಹೆಚ್ಚು ಕಡಿಮೆ ಸಮ. ಹತ್ತನೇ ವರ್ಷದಲ್ಲಿ ನೌಕರಿಯ ಸಂಬಳ ನಾಲ್ಕಾರು ಪಟ್ಟಾಗಿರಬಹುದು. ತೋಟ ಒಂದೇ ಎಕರೆ ಇರುತ್ತದೆ, ಅಣ್ಣತಮ್ಮಂದಿರಿದ್ದರೆ ಅದೂ ಇಲ್ಲ. ನಾಲ್ಕೈದು ಎಕರೆ ಇದ್ದವನು ಮರಳಿ ಬಂದರೆ ನಾನು ಸಂತೋಷಪಡುತ್ತೇನೆ. ಅರ್ಧ ಎಕರೆಯವನಿಗೆ 'ಮಣ್ಣಿಗೆ ಮರಳು' ಎಂದು ಭಾಷಣ ಮಾಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ತೋಟ ಕೊಡುವ ಈ ಸಂಬಳ ಖಾತ್ರಿಯದ್ದೂ ಅಲ್ಲ. ಕೊಳೆರೋಗ ಹಳೆಯ ಶತ್ರು, ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಜೊತೆಯಾಗಿದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ತಲೆಮಾರುಗಳ ತೋಟ ಒಂದೇ ದಿನದಲ್ಲಿ ಕೆಸರಿನಡಿ ಹೋಯಿತು. 2022ರಲ್ಲಿ ಭೂತಾನದಿಂದ 17 ಸಾವಿರ ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಅನುಮತಿ ಕೊಟ್ಟಾಗ ಊರೂರಿನ ಸೊಸೈಟಿಗಳಲ್ಲಿ ಅದೇ ಚರ್ಚೆ. 2023ರ ಫೆಬ್ರವರಿಯಲ್ಲಿ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ಸ್ವಲ್ಪ ಉಸಿರು ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿರುವುದು ಇನ್ನೊಂದು ಆತಂಕ. 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಹೆಮ್ಮೆಯ ಸಂಗತಿ ನಿಜ. ಆದರೆ ಮೂರು ತಾಲ್ಲೂಕುಗಳ ಶಾಲೆಯ ಫೀಸು, ಮದುವೆಯ ಖರ್ಚು, ಆಸ್ಪತ್ರೆಯ ಬಿಲ್ಲು ಒಂದೇ ಕಾಯಿಯ ಮೇಲೆ ನಿಂತಿರುವುದು ನೆಮ್ಮದಿಯ ವಿಷಯವಲ್ಲ. ಕಾಳುಮೆಣಸಿನ ಬಳ್ಳಿ ಹಬ್ಬಿಸಿದವರು, ಏಲಕ್ಕಿ, ಜಾಯಿಕಾಯಿ ಇಟ್ಟವರು ಕೆಟ್ಟ ವರ್ಷಗಳಲ್ಲಿ ಸ್ವಲ್ಪ ತಡೆದುಕೊಂಡರು.

ಇಲ್ಲಿಯವರೆಗೆ ಹೇಳಿದ್ದು ತೋಟ ಇದ್ದವರ ಮಾತು. ತೋಟ ಇಲ್ಲದವರು ಈ ಮೂರು ತಾಲ್ಲೂಕುಗಳಲ್ಲಿ ಬಹಳ ಮಂದಿ ಇದ್ದಾರೆ, ಆದರೆ 'ಊರಿಗೆ ಮರಳುವ' ಚರ್ಚೆಯಲ್ಲಿ ಅವರ ಹೆಸರೇ ಬರುವುದಿಲ್ಲ. ಯಲ್ಲಾಪುರದ ಕಾಡಂಚಿನ ಸಿದ್ದಿಗಳು, ಕುಣಬಿಗಳು, ಗೌಳಿಗಳು, ಶಿರಸಿ-ಸಿದ್ದಾಪುರದ ಕೂಲಿಕಾರ ಕುಟುಂಬಗಳು ಪೀಳಿಗೆಗಳಿಂದ ಅರಣ್ಯದ ಅಂಚಿನಲ್ಲಿ ತುಂಡು ಭೂಮಿ ಮಾಡಿಕೊಂಡು ಬಂದಿದ್ದಾರೆ. ಇಲ್ಲಿಯ ಭಾಷೆಯಲ್ಲಿ ಅದರ ಹೆಸರು ಅತಿಕ್ರಮಣ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತು ತೋಟಿಗರಿಗೆ ಬ್ರಿಟಿಷರ ಕಾಲದಿಂದ ಇದೆ. ಮನೆ ಕಟ್ಟಿಕೊಂಡ ನಾಲ್ಕು ಗುಂಟೆಗೆ ಹಕ್ಕುಪತ್ರ ಇಲ್ಲದವರು ಅದೇ ಬೆಟ್ಟದ ಮಗ್ಗುಲಲ್ಲಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಆಸೆ ಚಿಗುರಿತು. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ದಾಖಲೆ ಕೊಡಬೇಕು ಎಂಬ ಷರತ್ತಿಗೆ ಸಿಕ್ಕಿ ಜಿಲ್ಲೆಯ ಬಹುಪಾಲು ಅರ್ಜಿಗಳು ಬಿದ್ದುಹೋದವು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಉತ್ತರ ಕನ್ನಡದ ಸಿದ್ದಿಗಳಿಗೆ ಆ ಷರತ್ತು ಇಲ್ಲ, ಅವರಲ್ಲಿ ಕೆಲವರಿಗೆ ಪಟ್ಟಾ ಬಂದಿದೆ.

ಈ ಕುಟುಂಬಗಳಿಗೆ ಊರಿನ ಕೆಲಸ ಎಂದರೆ ಹಂಗಾಮಿನದ್ದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೈತುಂಬ, ಮಳೆಗಾಲದಲ್ಲಿ ಅಲ್ಲಷ್ಟು ಇಲ್ಲಷ್ಟು. ಒಂದೇ ತೋಟದಲ್ಲಿ ಒಂದೇ ದಿನ ದುಡಿದರೂ ಗಂಡಾಳಿಗಿಂತ ಹೆಣ್ಣಾಳಿಗೆ ಕಡಿಮೆ ಕೂಲಿ ಕೊಡುವ ಪದ್ಧತಿ ಇನ್ನೂ ಹೋಗಿಲ್ಲ. ಹೀಗಾಗಿ ಇವರ ಮಕ್ಕಳು ಗೋವಾಕ್ಕೆ, ಮಂಗಳೂರಿಗೆ, ಹುಬ್ಬಳ್ಳಿಗೆ ಹೋಗುತ್ತಾರೆ. ಅವರು ಬಿಟ್ಟುಹೋದ ಕೆಲಸಕ್ಕೆ ಬಯಲುಸೀಮೆಯಿಂದ, ಈಗೀಗ ಅಸ್ಸಾಂ-ಬಿಹಾರದಿಂದ ಜನ ಬರುತ್ತಾರೆ. 'ಆಳು ಸಿಗುವುದಿಲ್ಲ' ಎಂಬ ತೋಟಿಗರ ದೂರನ್ನು ದಿನಾ ಕೇಳುತ್ತೇವೆ. ವರ್ಷಪೂರ್ತಿ ಕೆಲಸ, ಸಮ ಕೂಲಿ, ಬಿದ್ದು ಕಾಲು ಮುರಿದರೆ ವಿಮೆ ಇದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರು ಎಂದೂ ಕೇಳಬೇಕಿತ್ತು.

ಮೂರು ತಾಲ್ಲೂಕನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ, ಆದರೆ ಮೂರರ ಮುಖವೂ ಬೇರೆ ಬೇರೆ ದಿಕ್ಕಿಗಿದೆ. ಶಿರಸಿ ತಾನೇ ಒಂದು ಕೇಂದ್ರ. ಬ್ಯಾಂಕು, ಆಸ್ಪತ್ರೆ, ಕಾಲೇಜು, ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ, ಎಲ್ಲಕ್ಕೂ ಸುತ್ತಲಿನವರು ಅಲ್ಲಿಗೇ ಬರಬೇಕು. ಪ್ರತ್ಯೇಕ ಜಿಲ್ಲೆಯ ಬೇಡಿಕೆ ಅಲ್ಲಿ ಆಗಾಗ ಏಳುವುದಕ್ಕೂ ಕಾರಣವಿದೆ: ಜಿಲ್ಲಾ ಕಚೇರಿಯ ಒಂದು ಸಹಿಗಾಗಿ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಬರಲು ಒಂದು ದಿನದ ಕೂಲಿಯೂ ಬಸ್ಸಿನ ಹಣವೂ ಹೋಗುತ್ತದೆ. ಸಿದ್ದಾಪುರಕ್ಕೆ ಅರ್ಧ ಮನಸ್ಸು ಸಾಗರ-ಶಿವಮೊಗ್ಗದ ಕಡೆ. ಜೋಗ ಅದರ ಗಡಿಯಲ್ಲಿ, ತಾಳಗುಪ್ಪದ ರೈಲು ಅದರ ಮಗ್ಗುಲಲ್ಲಿ. ಸಂಜೆ ರೈಲು ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿಯುವ ಅನುಕೂಲ ಮೂರರಲ್ಲಿ ಹೆಚ್ಚು ಒದಗಿರುವುದು ಸಿದ್ದಾಪುರದವರಿಗೇ. ಯಲ್ಲಾಪುರ ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯ ಮೇಲಿದೆ. ಗ್ಯಾರೇಜು, ಡಾಬಾ, ಲಾಡ್ಜು ಅಲ್ಲಿ ಬದುಕು ಕೊಟ್ಟಿವೆ. ಹುಬ್ಬಳ್ಳಿ ಸುಮಾರು ಎಪ್ಪತ್ತು ಕಿಲೋಮೀಟರ್, ಹಾಗಾಗಿ ಔಷಧಿಗೂ ಬಟ್ಟೆಗೂ ಅದೇ ಪೇಟೆ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗಕ್ಕೆ 1990ರ ದಶಕದ ಕೊನೆಯಲ್ಲಿ ಮಂಜೂರಾತಿ ಸಿಕ್ಕಿದ್ದರೂ ಅದು ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಬಿದ್ದಿದೆ. ಆ ಕಾಡು ಹೋಗಬಾರದು ಎನ್ನುವವರ ಜೊತೆ ನಾನಿದ್ದೇನೆ. ಆದರೆ ಕಾಡು ಉಳಿಸಿದ ಜನಕ್ಕೆ ಅದರ ಬದಲಿಗೆ ಏನು ಕೊಟ್ಟೆವು ಎಂಬ ಪ್ರಶ್ನೆ ಉಳಿಯುತ್ತದೆ.

ಕಚೇರಿ, ಆಸ್ಪತ್ರೆ, ರೈಲು ಎಲ್ಲವೂ ದೂರವಾಗಿರುವುದಕ್ಕೆ ಕಾರಣ ಜಿಲ್ಲೆಯ ಅಂಕಿಯಲ್ಲೇ ಇದೆ. ಉತ್ತರ ಕನ್ನಡದ ವಿಸ್ತೀರ್ಣ 10,291 ಚದರ ಕಿಲೋಮೀಟರ್. 2011ರಲ್ಲಿ ಒಂದು ಚದರ ಕಿಲೋಮೀಟರಿಗೆ 140 ಜನ, ಅದೇ ವರ್ಷ ಬೆಂಗಳೂರು ನಗರ ಜಿಲ್ಲೆಯಲ್ಲಿ 4,381 ಜನ. ಬಸ್ಸು, ಶಾಲೆ, ಆಸ್ಪತ್ರೆ, ಮೊಬೈಲ್ ಗೋಪುರ ಯಾವುದನ್ನಾದರೂ 'ಇಷ್ಟು ಜನಕ್ಕೆ ಒಂದು' ಎಂದು ಹಂಚಿದರೆ ಇಲ್ಲಿ ಅದು ಎಷ್ಟೋ ದೂರಕ್ಕೊಂದು ಆಗುತ್ತದೆ. ಜನಸಂಖ್ಯೆಯ ಲೆಕ್ಕಕ್ಕೆ ಕೊಟ್ಟದ್ದು ಸರಿಯಾಗಿಯೇ ಇರುತ್ತದೆ, ನಡೆಯುವವನ ಕಾಲಿಗೆ ಸರಿಹೋಗುವುದಿಲ್ಲ. ಇಲ್ಲಿ ದುಬಾರಿಯಾದದ್ದು ದೂರವೇ. ಬಾಡಿಗೆ ಉಳಿಸಿದ ಹಣವನ್ನು ಅದು ನಿಧಾನವಾಗಿ ತಿನ್ನುತ್ತದೆ.

ಶಾಲೆಯ ವಿಷಯದಲ್ಲಿ ಇದು ತುಂಬಾ ಸ್ಪಷ್ಟವಾಗಿ ಕಾಣುತ್ತದೆ. ಹತ್ತನೇ ತರಗತಿವರೆಗೆ ಶಿರಸಿಯ ಕಡೆಯ ಮಗುವಿಗೆ ಶಿಕ್ಷಣ ಅಗ್ಗ, ಗುಣವೂ ಕಡಿಮೆಯಲ್ಲ. ಮಾರಿಕಾಂಬಾ ಸರ್ಕಾರಿ ಪ್ರೌಢಶಾಲೆಯಂಥ ಶಾಲೆಗೆ ಮಕ್ಕಳನ್ನು ಸೇರಿಸಲು ಪಾಲಕರು ಮುಂದಾಗುತ್ತಾರೆ. ಸರ್ಕಾರಿ ಶಾಲೆ ಎಂದರೆ ಮೂಗು ಮುರಿಯುವ ಬೆಂಗಳೂರಿನವರಿಗೆ ಅದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಉತ್ತರ ಕನ್ನಡದೊಳಗೇ ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಶಿಕ್ಷಕರು ಊರಿನವರೇ, ಮಕ್ಕಳ ಮನೆ ಗೊತ್ತು, ಶಾಲೆಯ ವಾರ್ಷಿಕೋತ್ಸವಕ್ಕೆ ಊರಿಗೆ ಊರೇ ಸೇರಿ ಯಕ್ಷಗಾನ ನೋಡುತ್ತದೆ. ಬೆಂಗಳೂರಿನಲ್ಲಿ ಅದೇ ಮಗುವಿಗೆ ಎಲ್‌ಕೆಜಿಯಿಂದಲೇ ಲಕ್ಷದ ಲೆಕ್ಕ ಶುರುವಾಗುತ್ತದೆ.

ಹತ್ತನೇ ತರಗತಿ ಮುಗಿದ ಮರುದಿನದಿಂದ ಲೆಕ್ಕ ತಿರುಗಿಬೀಳುತ್ತದೆ. ಶಿರಸಿಯಲ್ಲಿ ಎಂಇಎಸ್ ಸಂಸ್ಥೆಯ ಕಾಲೇಜುಗಳಿವೆ, 1985ರಿಂದ ಅರಣ್ಯ ಮಹಾವಿದ್ಯಾಲಯ ಇದೆ. ಸಿದ್ದಾಪುರದಲ್ಲಿ ಎಂಜಿಸಿ ಕಾಲೇಜು ಮತ್ತು ಆಯುರ್ವೇದ ಕಾಲೇಜು ಇವೆ. ಯಲ್ಲಾಪುರದಲ್ಲಿ ವಿಶ್ವದರ್ಶನದಂಥ ಸಂಸ್ಥೆ ಬೆಳೆದಿದೆ. ಆದರೆ ಮೂರರಲ್ಲಿ ಎಲ್ಲಿಯೂ ಎಂಜಿನಿಯರಿಂಗ್ ಕಾಲೇಜಿಲ್ಲ. ಜಿಲ್ಲೆಯಲ್ಲಿ ಇರುವವು ಹಳಿಯಾಳ, ಭಟ್ಕಳ, ಕಾರವಾರದಲ್ಲಿ. ಸಿಇಟಿ, ನೀಟ್ ತಯಾರಿಗೆಂದು ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿ ಅಂಕ ತೆಗೆದ ಮಕ್ಕಳು ಮೂಡಬಿದಿರೆ, ಉಡುಪಿ, ಧಾರವಾಡದ ಹಾಸ್ಟೆಲುಗಳಿಗೆ ಹೋಗುತ್ತಾರೆ. ಹದಿನಾರಕ್ಕೇ ಮನೆ ಬಿಟ್ಟ ಮಗು ಆಮೇಲೆ ಮನೆಗೆ ಬರುವುದು ರಜೆಗೆ. ಎರಡು ವರ್ಷದ ಪಿಯು, ಹಾಸ್ಟೆಲು ಸೇರಿ ಆಗುವ ಖರ್ಚಿನಲ್ಲಿ ಒಂದು ಎಕರೆ ತೋಟದ ಎರಡು-ಮೂರು ವರ್ಷದ ಉಳಿತಾಯ ಕರಗುತ್ತದೆ. ಬೆಂಗಳೂರಿನವನ ಮಗಳು ಅದೇ ಹೊತ್ತಿಗೆ ಮನೆಯಿಂದಲೇ ಮೆಟ್ರೋ ಹತ್ತಿ ಕಾಲೇಜಿಗೆ ಹೋಗಿ ಬರುತ್ತಾಳೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು ಎಂದು ಅಲ್ಲಿ ಗದ್ದಲವಾಯಿತು. ಆ ಗದ್ದಲ ನ್ಯಾಯವಾದದ್ದೇ. ಇಲ್ಲಿಯ ಮಗುವಿಗೆ ಅಂಥ ರೈಲೂ ಇಲ್ಲ, ಅದರ ಕೊನೆಯಲ್ಲಿ ಕಾಲೇಜೂ ಇಲ್ಲ.

ಒಳಹಳ್ಳಿಯ ಚಿಕ್ಕ ಶಾಲೆಗಳ ಕಥೆ ಬೇರೆ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ಅವನ್ನು ಮುಚ್ಚಿ ದೊಡ್ಡ ಶಾಲೆಗೆ ಸೇರಿಸುವ ಮಾತು ಬೆಂಗಳೂರಿನ ಮೇಜಿನ ಮೇಲೆ ಸಲೀಸಾಗಿ ಕಾಣುತ್ತದೆ. ಮಳೆಗಾಲದಲ್ಲಿ ಸಂಕ ದಾಟಿ ಮೂರು ಕಿಲೋಮೀಟರ್ ನಡೆಯಬೇಕಾದ ಆರು ವರ್ಷದ ಮಗುವಿನ ತಾಯಿ ಆ ಮೇಜಿನ ಹತ್ತಿರ ಇರುವುದಿಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ಸಿನ ಖರ್ಚು ಇಳಿದಿದೆ, ಕಾಲೇಜಿಗೆ ಹೋಗುವ ಹುಡುಗಿಯರಿಗೆ ಅದು ನಿಜವಾದ ಉಪಕಾರ. ಟಿಕೆಟ್ ಪುಕ್ಕಟೆಯಾದರೂ ಬಸ್ಸು ಬರುವುದು ಬೆಳಗ್ಗೆ ಒಂದು, ಸಂಜೆ ಒಂದು. ಸಂಜೆಯದು ತಪ್ಪಿದರೆ ಆಟೋಕ್ಕೆ ಕೊಡುವ ಹಣದಲ್ಲಿ ವಾರದ ಉಳಿತಾಯ ಹೋಯಿತು.

ಈಗ ಸೊಸೆಯ ಪ್ರಶ್ನೆಗೆ ಬರೋಣ. 2022ರ ಜುಲೈ 20ರಂದು ಹೊನ್ನಾವರದಿಂದ ಉಡುಪಿಯ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಮಳೆಯಲ್ಲಿ ಜಾರಿ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತರು. ಆ ದೃಶ್ಯ ದೇಶವೇ ನೋಡಿತು. ಅದರ ಬೆನ್ನಿಗೇ ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಘಟ್ಟದ ಮೇಲೆ ಕೆಳಗೆ ಎನ್ನದೆ ಎದ್ದಿತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದರೂ ತಲೆಗೆ ಪೆಟ್ಟಾದವರನ್ನು, ಹೃದಯಾಘಾತವಾದವರನ್ನು ಶಿರಸಿ-ಯಲ್ಲಾಪುರದವರು ಹುಬ್ಬಳ್ಳಿಗೆ, ಸಿದ್ದಾಪುರದವರು ಶಿವಮೊಗ್ಗಕ್ಕೆ ಅಥವಾ ಮಣಿಪಾಲಕ್ಕೆ ಒಯ್ಯುತ್ತಾರೆ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆ ಮುಖ್ಯ ಎಂದು ವೈದ್ಯರು ಹೇಳುತ್ತಾರೆ. ಇಲ್ಲಿ ಆ ಗಂಟೆ ರಸ್ತೆಯಲ್ಲೇ ಕಳೆಯುತ್ತದೆ, ಒಳಹಳ್ಳಿಯಾದರೆ ಮುಖ್ಯ ರಸ್ತೆಗೆ ಬರುವಷ್ಟರಲ್ಲೇ.

ಹಣದ ಲೆಕ್ಕವೂ ಅಷ್ಟೇ. ಬೆಂಗಳೂರಿನಲ್ಲಿ ಆಸ್ಪತ್ರೆಯ ಬಿಲ್ಲು ದೊಡ್ಡದು. ಇಲ್ಲಿಯವನು ಕೊನೆಗೆ ಅಂಥದೇ ಬಿಲ್ಲನ್ನು ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಕಟ್ಟುತ್ತಾನೆ. ಅದರ ಮೇಲೆ ಆಂಬುಲೆನ್ಸಿನ ಬಾಡಿಗೆ, ಜೊತೆಗೆ ಹೋದವರ ಲಾಡ್ಜು ಮತ್ತು ಊಟ, ತೋಟ ನೋಡಿಕೊಳ್ಳಲು ಹಿಂದೆ ಉಳಿದವರ ಕೂಲಿ. ಡಯಾಲಿಸಿಸ್, ಕೀಮೋ ಆದರೆ ತಿಂಗಳುಗಟ್ಟಲೆ. ವಯಸ್ಸಾದ ತಂದೆತಾಯಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋದ ಮಕ್ಕಳಲ್ಲಿ ಬಹಳ ಮಂದಿ ಈ ಕಾರಣಕ್ಕೇ ಕರೆದೊಯ್ದದ್ದು. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಗೆ ದೊಡ್ಡ ಹೊಸ ಕಟ್ಟಡ ಬಂದಿರುವುದು ಒಳ್ಳೆಯದು. ಯಂತ್ರ, ಅದನ್ನು ನಡೆಸುವವರು, ರಾತ್ರಿಯೂ ಇರುವ ಹೃದಯ ಮತ್ತು ನರರೋಗ ತಜ್ಞರು ಬಂದರೆ ಮಾತ್ರ ಆ ನೂರು ಕಿಲೋಮೀಟರ್ ಕಡಿಮೆಯಾಗುತ್ತದೆ. ತಜ್ಞ ವೈದ್ಯರು ಇಲ್ಲಿ ನಿಲ್ಲದಿರುವುದಕ್ಕೂ ಕಾರಣ ಅವರ ಮಕ್ಕಳ ಪಿಯು ಓದು ಮತ್ತು ಸಂಗಾತಿಯ ನೌಕರಿಯೇ.

ಸಂಗಾತಿಯ ನೌಕರಿ ಎಂದೆ. ಮದುವೆಗೆ ಹೆಣ್ಣು ಸಿಗುವುದಿಲ್ಲ ಎಂದು ತೋಟಿಗರ ಮನೆಗಳಲ್ಲಿ ದೊಡ್ಡ ನೋವಿದೆ. ನಲವತ್ತು ಸಮೀಪಿಸಿದ, ದುಡಿಯುವ, ಒಳ್ಳೆಯ ಗಂಡುಮಕ್ಕಳು ಒಂಟಿಯಾಗಿ ಉಳಿದಿದ್ದಾರೆ. ಇದಕ್ಕೆ ಹುಡುಗಿಯರ ಆಸೆಬುರುಕತನ ಕಾರಣ ಎಂದು ಹಿರಿಯರು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ, ನನಗೆ ಅದು ಒಪ್ಪಿಗೆಯಿಲ್ಲ. ಇದೇ ಊರಿನ ಶಾಲೆಗಳಲ್ಲಿ ಓದಿ, ಹಾಸ್ಟೆಲಿನಲ್ಲಿ ಕಷ್ಟಪಟ್ಟು, ಬಿಇ, ಎಂಕಾಂ, ನರ್ಸಿಂಗ್ ಮುಗಿಸಿದ ಹುಡುಗಿಗೆ ಮೂರು ತಾಲ್ಲೂಕುಗಳಲ್ಲಿ ಎಷ್ಟು ಬಗೆಯ ಕೆಲಸ ಇದೆ? ಶಾಲೆ, ಬ್ಯಾಂಕು, ಸೊಸೈಟಿ, ಒಂದಿಷ್ಟು ಸರ್ಕಾರಿ ಕಚೇರಿ. ಕೈಗಾ ಅಣುಸ್ಥಾವರ ಕಾರವಾರದ ಕಡೆ, ಕಾಗದದ ಕಾರ್ಖಾನೆ ದಾಂಡೇಲಿಯಲ್ಲಿ, ಇಲ್ಲಿ ದೊಡ್ಡ ಉದ್ಯಮ ಯಾವುದೂ ಇಲ್ಲ, ಕಾಡಿನ ನಡುವೆ ಬರುವುದೂ ಬೇಡ. ಅವಳು ತೋಟದ ಮನೆಗೆ ಬಂದರೆ ಅವಳ ಸಂಬಳ ಪೂರ್ತಿ ನಿಲ್ಲುತ್ತದೆ. ಬೆಳಗ್ಗಿನಿಂದ ರಾತ್ರಿವರೆಗೆ ಅಡಿಕೆ ಸುಲಿಯುವವರಿಗೆ ಚಹಾ ಕಾಸುತ್ತಾ ಮಾಡುವ ಕೆಲಸಕ್ಕೆ ಸೊಸೈಟಿಯ ಖಾತೆಯಲ್ಲಿ ಅವಳ ಹೆಸರಿರುವುದಿಲ್ಲ. ತೋಟದ ಪಹಣಿಯಲ್ಲೂ ಇರುವುದಿಲ್ಲ. ಬರಲು ಒಲ್ಲೆ ಎನ್ನುವ ಹುಡುಗಿ ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದಾಳೆ.

ಲಾಕ್‌ಡೌನಿನ ನಂತರ ಉಳಿದುಕೊಂಡ ಕುಟುಂಬಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಮನೆಯಿಂದಲೇ ಕೆಲಸ ಮಾಡುವ ಅವಕಾಶ ಗಂಡ ಹೆಂಡತಿ ಇಬ್ಬರಿಗೂ ಇದ್ದ ಕಡೆ, ಮನೆಗೆ ಫೈಬರ್ ಬಂದ ಕಡೆ, ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುವ ಕಡೆ ಬದುಕು ಚೆನ್ನಾಗಿ ಕೂಡಿಬಂದಿದೆ. ಬೆಂಗಳೂರಿನ ಸಂಬಳ, ಊರಿನ ಮನೆ, ಬದಿಗೆ ತೋಟ: ಇದಕ್ಕಿಂತ ಸುಖದ ಲೆಕ್ಕ ಬೇರೆ ಇಲ್ಲ. ಅಂಥವರನ್ನು ಹೆಚ್ಚಿಸಲು ಕಾಡು ಕಡಿಯುವುದು ಬೇಕಾಗಿಲ್ಲ. ಕಡಿದು ಹೋಗದ ವಿದ್ಯುತ್ತು, ಮಳೆಯಲ್ಲೂ ನಿಲ್ಲದ ಇಂಟರ್ನೆಟ್ಟು, ಶಿರಸಿಯಂಥ ಪಟ್ಟಣದಲ್ಲಿ ಹತ್ತಾರು ಮಂದಿ ಕೂತು ಕೆಲಸ ಮಾಡುವ ಜಾಗ ಸಾಕು. ಸಹಕಾರ ಸಂಘಗಳಿಗೆ ಇದು ಮೀರಿದ ಕೆಲಸವೇನಲ್ಲ. ನೂರು ವರ್ಷದ ಹಿಂದೆ ಅಡಿಕೆಗೆ ಅಂಗಳ ಕಟ್ಟಿದವರ ಮೊಮ್ಮಕ್ಕಳು ಈಗ ಇದನ್ನು ಕಟ್ಟಬಹುದು.

ಮರಳುವ ಯೋಚನೆಯಲ್ಲಿರುವ ದಂಪತಿಗಳಿಗೆ ನಾನು ಹೇಳುವುದು ಇಷ್ಟು. ದೀಪಾವಳಿಯ ಹವೆ ನೋಡಿ ತೀರ್ಮಾನ ಮಾಡಬೇಡಿ. ನೌಕರಿ ಬಿಡುವ ಮೊದಲು, ಬೆಂಗಳೂರಿನ ಮನೆ ಮಾರುವ ಮೊದಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮಳೆಗಾಲ ಪೂರ್ತಿ ಇಬ್ಬರೂ ಮಕ್ಕಳೊಡನೆ ಊರಿನಲ್ಲಿ ಇದ್ದು ನೋಡಿ. ಮರ ಬಿದ್ದು ಕರೆಂಟು ಎಷ್ಟು ದಿನ ಹೋಗುತ್ತದೆ, ದೇವಿಮನೆ ಘಟ್ಟ, ಅರಬೈಲ್ ಘಟ್ಟ ಎಷ್ಟು ಸಲ ಬಂದ್ ಆಗುತ್ತವೆ, ಜ್ವರ ಬಂದ ಮಗುವಿಗೆ ವೈದ್ಯರು ಎಷ್ಟು ಹೊತ್ತಿಗೆ ಸಿಗುತ್ತಾರೆ, ಮದ್ದು ಹೊಡೆಯಲು ಕೊನೆಗೌಡ ಯಾವ ವಾರ ಬರುತ್ತಾನೆ, ಅಷ್ಟೆಲ್ಲದರ ನಡುವೆ ನಿಮ್ಮ ಕಚೇರಿಯ ಕೆಲಸ ನಡೆಯುತ್ತದೆಯೇ, ಎಲ್ಲವೂ ಆ ನಾಲ್ಕು ತಿಂಗಳಲ್ಲಿ ಗೊತ್ತಾಗುತ್ತದೆ. ಪಹಣಿಗೆ ಇಬ್ಬರ ಹೆಸರನ್ನೂ ಸೇರಿಸುವ ಕೆಲಸವನ್ನು ಬಂದ ಮೊದಲ ತಿಂಗಳೇ ಶುರುಮಾಡಿ.